ಇನ್ನೊಬ್ಬರ ಇನ್ಸುಲಿನ್ ನನ್ನ ಹೆಂಡತಿಗೆ: ಆಸ್ಪತ್ರೆಯ ಅಧೀಕ್ಷಕರಿಗೊಂದು ದೂರು

ಗೆ,
ವೈದ್ಯಕೀಯ ಅಧೀಕ್ಷಕರು

ವಿಷಯ: ಸಕ್ಕರೆ ಕಾಯಿಲೆ ಇಲ್ಲದ ನನ್ನ ಪತ್ನಿಗೆ ಇನ್ಸುಲಿನ್ ಚುಚ್ಚಿದ್ದು ಮತ್ತು ಚುಚ್ಚಿದ್ದನ್ನು ಕಾಗದದಲ್ಲಿ ಬರೆದುಕೊಡದೇ ಇರುವುದು.

ಉಲ್ಲೇಖ: ನನ್ನ ಆರು ಫೋನ್ ಕರೆಗಳು, ಎರಡು ಇ-ಮೇಲ್, ಒಂದು ಖುದ್ದು ಭೇಟಿ. ತಮ್ಮ ಕಡೆಯಿಂದ ಉಲ್ಲೇಖಿಸಲು ಏನೂ ಇಲ್ಲ.

ಮಾನ್ಯರೇ,

ಎಡಗಾಲಿನ ಸೆಲ್ಯುಲೈಟಿಸ್, ಅಂದರೆ ಚರ್ಮದ ಸೋಂಕು, ಎಂದು ನನ್ನ ಪತ್ನಿ ಕಳೆದ ತಿಂಗಳು ನಿಮ್ಮಲ್ಲಿ ಐದು ದಿನ ಒಳರೋಗಿಯಾಗಿದ್ದಳು. ಹಾಸಿಗೆ ಸಂಖ್ಯೆ 17. ಅದೇ ವಾರ್ಡಿನ 11ನೇ ಹಾಸಿಗೆಯಲ್ಲಿ ಅವಳದೇ ಹೆಸರಿನ, ಹೆಚ್ಚುಕಡಿಮೆ ಅವಳದೇ ವಯಸ್ಸಿನ ಇನ್ನೊಬ್ಬ ಹೆಂಗಸು ಇದ್ದರು. ಅವರಿಗೆ ಸಕ್ಕರೆ ಕಾಯಿಲೆ, ಇವಳಿಗೆ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಏಳು ದಾಟಿ ಹತ್ತು ನಿಮಿಷಕ್ಕೆ ಟ್ರೇ ಹಿಡಿದು ಬಂದ ನರ್ಸ್ ಪರದೆಯಾಚೆಯಿಂದ ಹೆಸರು ಕೂಗಿದರು. ಅರೆನಿದ್ದೆಯಲ್ಲಿದ್ದ ಇವಳು ಹ್ಞೂಂ ಎಂದಳು. ಹೊಟ್ಟೆಯ ಪಕ್ಕಕ್ಕೆ ಒಂದು ಇಂಜೆಕ್ಷನ್ ಬಿತ್ತು. ನಾನು ಕೆಳಗೆ ಕಾಫಿಗೆ ಹೋಗಿದ್ದೆ.

ಎಂಟೂವರೆಗೆ ಅವಳ ರವಿಕೆ ಬೆವರಿನಿಂದ ತೊಯ್ದಿತ್ತು, ಬೆರಳುಗಳು ನಡುಗುತ್ತಿದ್ದವು. ನನ್ನ ಕಡೆ ತಿರುಗಿ, "ಒಲೆಯ ಮೇಲೆ ಹಾಲಿಟ್ಟಿದ್ದೀನಿ, ಉಕ್ಕುತ್ತಿದೆ, ನೋಡಬಾರದೇ?" ಎಂದು ಗದರಿದಳು. ಒಲೆ ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿ, ಬೀಗ ಹಾಕಿದ ಮನೆಯಲ್ಲಿತ್ತು. ನಾನು ಕೂಗಿದ ಮೇಲೆ ಬೆರಳು ಚುಚ್ಚಿ ನೋಡಿದರು: ರಕ್ತದ ಸಕ್ಕರೆ 41ಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದರು. ಕಾಲು ಗಂಟೆಯಲ್ಲಿ ನನ್ನ ಹೆಂಡತಿ ನನಗೆ ಮರಳಿ ಸಿಕ್ಕಳು. ಹಾಗೆ ಏರಿಸಿದ ನಿಮ್ಮ ಕಿರಿಯ ವೈದ್ಯರಿಗೆ ನಾನು ಕೃತಜ್ಞ. ಇದನ್ನು ವ್ಯಂಗ್ಯವಿಲ್ಲದೆ ಬರೆಯುತ್ತಿದ್ದೇನೆ. ಮುಂದಿನ ಮಾತುಗಳಿಗೆ ಆ ಭರವಸೆ ಕೊಡಲಾರೆ.

ನಡೆದದ್ದನ್ನು ನನಗೆ ಹೇಳಿದ್ದು ಆ ನರ್ಸೇ. ರಾತ್ರಿಯಿಡೀ ಇಪ್ಪತ್ತೆರಡು ರೋಗಿಗಳನ್ನು ಒಬ್ಬರೇ ನೋಡಿಕೊಂಡಿದ್ದ ಹುಡುಗಿ. ಕಣ್ಣೊರೆಸಿಕೊಳ್ಳುತ್ತಾ, "ಸರ್, ಕೈಪಟ್ಟಿ ನೋಡಲಿಲ್ಲ, ನನ್ನದೇ ತಪ್ಪು" ಎಂದರು. ಮಾರನೆಯ ದಿನದಿಂದ ಅವರು ಕಾಣಿಸಲಿಲ್ಲ. ಕೇಳಿದರೆ "ಕ್ರಮ ಕೈಗೊಂಡಿದ್ದೇವೆ" ಎಂಬ ಉತ್ತರ. ಇಡೀ ಆಸ್ಪತ್ರೆಯಲ್ಲಿ ನಿಜ ನುಡಿದ ಒಬ್ಬರನ್ನು ಹುಡುಕಿ ಮನೆಗೆ ಕಳಿಸಿದ ನಿಮ್ಮ ಚುರುಕುತನ ಮೆಚ್ಚತಕ್ಕದ್ದು.

ನಾನು ಮೂವತ್ನಾಲ್ಕು ವರ್ಷ ರೈಲ್ವೆಯಲ್ಲಿದ್ದೆ, ಅದರಲ್ಲಿ ಬಹುಪಾಲು ಸ್ಟೇಷನ್ ಮಾಸ್ಟರ್ ಆಗಿ. ಒಂಟಿ ಹಳಿಯ ದಿನಗಳಲ್ಲಿ, ಮುಂದಿನ ನಿಲ್ದಾಣದವರೆಗೆ ಹೋಗಲು ಅನುಮತಿಯಾದ ಟೋಕನ್ ಕೈಗೆ ಬಂದ ಮೇಲೆ, ಅದರ ಮೇಲೆ ಕೊರೆದ ಸೆಕ್ಷನ್ನಿನ ಹೆಸರು ತನ್ನದೇ ಹೌದೇ ಎಂದು ಓದದೆ ಚಾಲಕ ಗಾಡಿ ಕದಲಿಸುವಂತಿರಲಿಲ್ಲ. ಪಕ್ಕದ ನಿಲ್ದಾಣದೊಂದಿಗೆ ಫೋನಿನಲ್ಲಿ ಮಾತು ಮುಗಿದರೆ ಮಾತನ್ನು ಖಚಿತಪಡಿಸುವ ಎರಡಂಕಿಯ ಪ್ರೈವೇಟ್ ನಂಬರ್ ಕೊಡುತ್ತಿದ್ದೆವು, ಆಚೆಯವರು ಅದನ್ನು ತಿರುಗಿ ಹೇಳಬೇಕು, ಇಬ್ಬರೂ ರಿಜಿಸ್ಟರಿನಲ್ಲಿ ಬರೆಯಬೇಕು. ಆಚೆಯವನು ನನ್ನ ಷಡ್ಡಕನೇ ಆಗಿದ್ದರೂ ಸರಿ, ದನಿ ಗುರುತು ಸಿಕ್ಕಿತು ಎಂದು ಗಾಡಿ ಬಿಡುವಂತಿರಲಿಲ್ಲ. ನಿಮ್ಮಲ್ಲಿ ಹ್ಞೂಂ ಎಂದರೆ ಸಾಕು, ಲೈನ್ ಕ್ಲಿಯರ್, ಗಾಡಿ ಬಿಡಬಹುದು.

ನಿಮ್ಮ ನಿಯಮ ನಿಮಗೆ ಗೊತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಮುಖ್ಯದ್ವಾರದಲ್ಲಿ ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಪ್ರಮಾಣಪತ್ರಕ್ಕೆ ಹಿತ್ತಾಳೆಯ ಚೌಕಟ್ಟು ಹಾಕಿಸಿದ್ದೀರಿ. ಔಷಧ ಕೊಡುವ ಮೊದಲು ರೋಗಿಯ ಗುರುತು ಖಚಿತಪಡಿಸಿಕೊಳ್ಳಬೇಕು, ಇನ್ಸುಲಿನ್‌ನಂಥ ಹೆಚ್ಚು ಅಪಾಯದ ಔಷಧವನ್ನು ತಾಳೆ ನೋಡದೆ ಕೊಡಬಾರದು ಎಂಬುದು ಆ ಚೌಕಟ್ಟಿನೊಳಗೇ ಇದೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ಸರಿಗಳ ಚಿತ್ರವೂ ನರ್ಸುಗಳ ಮೇಜಿನ ಹಿಂದೆ ಇದೆ. ಅದರ ಮೇಲೆ ಡ್ಯೂಟಿ ಪಟ್ಟಿ ಅಂಟಿಸಿರುವುದರಿಂದ ಮೊದಲನೆಯ ಸರಿ ಮಾತ್ರ ಕಾಣುವುದಿಲ್ಲ. ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನಕ್ಕೆ ರಂಗೋಲಿ ಸ್ಪರ್ಧೆ ಮಾಡಿದ ಫೋಟೋಗಳು ಲಿಫ್ಟಿನ ಪಕ್ಕದಲ್ಲಿವೆ. 2023ರ ಬ್ಯಾನರ್ ಇನ್ನೂ ತೆಗೆದಿಲ್ಲ. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಘೋಷಣೆ ರೋಗಿಗಳ ದನಿಯನ್ನು ಎತ್ತಿ ಹಿಡಿಯಿರಿ ಎಂಬ ಅರ್ಥದ್ದಾಗಿತ್ತು.

ಆ ಬ್ಯಾನರಿನ ಕೆಳಗೇ ನನ್ನನ್ನು ಕೂರಿಸಿದ್ದು. ಖುದ್ದು ಭೇಟಿಯ ದಿನ ನಲವತ್ತು ನಿಮಿಷ ಕಾದ ಮೇಲೆ, ಕೌಂಟರಿನ ಹುಡುಗ ಒಂದು ಟ್ಯಾಬ್ಲೆಟ್ ಮುಂದಿಟ್ಟು, "ಅಂಕಲ್, ಮೊದಲು ಒಂದು ಮುಖ ಒತ್ತಿ" ಎಂದ. ಐದು ಮುಖಗಳಿದ್ದವು. ಕೆಂಪು ಮುಖ ಒತ್ತಿದೆ. ಯಂತ್ರ ಧನ್ಯವಾದ ಹೇಳಿ ಕಾರಣ ಕೇಳಿತು: ಊಟ, ಸ್ವಚ್ಛತೆ, ಪಾರ್ಕಿಂಗ್, ಬಿಲ್, ಇತರೆ. ಇತರೆ ಒತ್ತಿದರೆ ಕನ್ನಡ ಅಕ್ಷರಗಳೇ ಇಲ್ಲ. ಬಾಯಲ್ಲಿ ಹೇಳುತ್ತೇನೆ ಎಂದೆ. ಹುಡುಗ ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ, "ಆಂಟಿಗೆ ಶುಗರ್ ಇದೆಯಾ?" ಎಂದ.

"ಇಲ್ಲ."

"ಮತ್ತೆ ಇನ್ಸುಲಿನ್ ಯಾಕೆ ತೆಗೆದುಕೊಂಡರು?"

"ಅದನ್ನು ಕೇಳುವುದಕ್ಕೇ ಬಂದಿದ್ದೇನಪ್ಪಾ."

ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ಹುಡುಗ ಒಳಗಿನಿಂದ ಹಿರಿಯ ಅಧಿಕಾರಿಣಿಯನ್ನು ಕರೆತಂದ. ಅವರು ಕೂರಲಿಲ್ಲ, ಕೂತಿದ್ದ ನಾನು ಕತ್ತೆತ್ತಿಯೇ ಮಾತಾಡಬೇಕಾಯಿತು.

"ಆಂಟಿ ಈಗ ಹುಷಾರಾಗಿದ್ದಾರಲ್ಲ?"

"ಇದ್ದಾಳೆ."

"ಮತ್ತೇನು ಅಂಕಲ್? ಒಂದೇ ಹೆಸರಿದ್ದಾಗ ಹೀಗೆಲ್ಲ ಆಗುತ್ತದೆ. ಹೆಸರು ಕರೆದಾಗ ಅವರೇ ಹ್ಞೂಂ ಅಂದಿದ್ದಾರೆ."

ಅವಳ ಹೆಸರು ಅದೇ, ಇನ್ನೇನು ಅನ್ನಬೇಕಿತ್ತು ಎಂದೆ.

"ಅದಕ್ಕೇ ಅಟೆಂಡರ್ ಪಾಸ್ ಕೊಡುವುದು. ನೀವು ಪಕ್ಕದಲ್ಲಿ ಇರಬೇಕಿತ್ತು. ಎಲ್ಲಿ ಹೋಗಿದ್ದಿರಿ?"

ಎಪ್ಪತ್ತೊಂದರ ವಯಸ್ಸಿನಲ್ಲಿ, ಹತ್ತಾರು ಅಪರಿಚಿತರ ಎದುರು, ಶಾಲೆಗೆ ತಡವಾಗಿ ಬಂದ ಹುಡುಗನಂತೆ ನಾನು "ಕಾಫಿಗೆ" ಎಂದೆ. ಅವರು ತಲೆಯಾಡಿಸಿದರು, ಪ್ರಕರಣ ಇತ್ಯರ್ಥವಾದ ಹಾಗೆ. ಹೊರಡುವಾಗ ಹುಡುಗ ನಿಮ್ಮ ಕ್ಯಾಂಟೀನಿನ ಕೂಪನ್ ಕೊಟ್ಟ. ಒಂದು ಕಾಫಿಗೆ. ಅದನ್ನು ಬಳಸಿಲ್ಲ, ಇದರೊಂದಿಗೆ ಲಗತ್ತಿಸಿದ್ದೇನೆ.

ಬಿಡುಗಡೆ ಸಾರಾಂಶದಲ್ಲಿ ಆ ಬೆಳಗಿನ ಬಗ್ಗೆ ಒಂದಕ್ಷರವಿಲ್ಲ. "ರೋಗಿಯ ಸ್ಥಿತಿ ಸ್ಥಿರವಾಗಿತ್ತು" ಎಂದಿದೆ. ಆದರೆ ನಿಮ್ಮ ಬಿಲ್ಲಿನ ವಿಭಾಗ ಸತ್ಯವಂತರದು. ಮೂರನೆಯ ದಿನದ ಪುಟದಲ್ಲಿ ಸಕ್ಕರೆ ನೋಡುವ ಸ್ಟ್ರಿಪ್ 9, 25 ಶೇಕಡಾ ಡೆಕ್ಸ್‌ಟ್ರೋಸ್ (ಅದೇ ಗ್ಲೂಕೋಸ್), ಸಿರಿಂಜು, ಒಟ್ಟು 1,386 ರೂಪಾಯಿ. ಇದಕ್ಕಾಗಿ ಅವಳ ಕೈಪಟ್ಟಿಯ ಬಾರ್‌ಕೋಡನ್ನು ತಪ್ಪದೇ ಸ್ಕ್ಯಾನ್ ಮಾಡಿದ್ದರು. ಔಷಧಕ್ಕೆ ನೋಡದ ಕೈಪಟ್ಟಿಯನ್ನು ದುಡ್ಡಿಗೆ ನೋಡಿದ್ದೀರಿ.

ಇನ್ನೊಂದು ಪ್ರಶ್ನೆ ನನ್ನ ನಿದ್ದೆ ಕೆಡಿಸಿದೆ. 11ನೇ ಹಾಸಿಗೆಯ ಆ ತಾಯಿಗೆ ಅಂದು ಇನ್ಸುಲಿನ್ ಸಿಕ್ಕಿತೇ? ಅವರ ಚಾರ್ಟಿನಲ್ಲಿ ಕೊಟ್ಟಿದ್ದೇವೆ ಎಂದು ಸಹಿಯಾಗಿದ್ದರೆ ಅದು ಸುಳ್ಳು. ಆಮೇಲೆ ಕೊಟ್ಟಿದ್ದರೆ ಯಾವಾಗ, ಊಟದ ಮೊದಲೋ ನಂತರವೋ? ಅವರ ಮಗನಿಗೆ ತಿಳಿಸಿದ್ದೀರಾ? ಆರು ಕರೆಗಳಲ್ಲೂ ಇದನ್ನು ಕೇಳಿದೆ. ಬೇರೆ ರೋಗಿಯ ಗೌಪ್ಯತೆಯ ವಿಷಯ ಎಂದರು. ಅವರ ಔಷಧ ನನ್ನ ಹೆಂಡತಿಯ ಹೊಟ್ಟೆ ಸೇರುವಾಗ ಗೌಪ್ಯತೆ ಎಲ್ಲಿಗೆ ಹೋಗಿತ್ತೋ ತಿಳಿಯದು. ಬಹುಶಃ ಅದೂ ಕಾಫಿಗೆ.

ಚಿಕಿತ್ಸಾ ದಾಖಲೆಗಳ ಪ್ರತಿಗೆ ನಾನು ಲಿಖಿತ ಅರ್ಜಿ ಕೊಟ್ಟು ಹತ್ತೊಂಬತ್ತು ದಿನಗಳಾದವು. 2002ರ ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡತೆಯ ನಿಯಮಾವಳಿ, ಅಂಶ 1.3.2, ಕೇಳಿದ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ. ನಿಮ್ಮ ದಾಖಲೆ ವಿಭಾಗದವರು "ಇನ್ಶೂರೆನ್ಸಿಗಾದರೆ ಕೊಡುತ್ತೇವೆ, ಸುಮ್ಮನೆ ನೋಡುವುದಕ್ಕೆ ಕೊಡುವುದಿಲ್ಲ" ಎಂದರು. ನಾನು ಸುಮ್ಮನೆ ನೋಡುವವನಲ್ಲ.

ನನಗೆ ಪರಿಹಾರದ ಹಣ ಬೇಡ. ಆ 1,386 ರೂಪಾಯಿ ಬೇಕು, ಅದು ಬೇರೆ ಮಾತು. ಬೇಕಾದದ್ದು, ಔಷಧ ಚಾರ್ಟಿನ ಪ್ರತಿ ಮತ್ತು ನಡೆದದ್ದನ್ನು ಸೇರಿಸಿ ತಿದ್ದಿದ ಬಿಡುಗಡೆ ಸಾರಾಂಶ. ನಾಳೆ ಬೇರೆ ವೈದ್ಯರು ಇವಳನ್ನು ನೋಡುವಾಗ ಅವರಿಗೆ ಅದು ತಿಳಿದಿರಬೇಕು. ಜೊತೆಗೆ ಇಪ್ಪತ್ತೆರಡು ರೋಗಿಗಳಿಗೆ ಒಬ್ಬ ನರ್ಸನ್ನು ಹಾಕಿ ಡ್ಯೂಟಿ ಪಟ್ಟಿಗೆ ಸಹಿ ಮಾಡಿದವರು ಯಾರು, ಅವರ ಮೇಲೂ "ಕ್ರಮ" ಆಗಿದೆಯೇ ಎಂಬುದಕ್ಕೆ ಉತ್ತರ. ನಮ್ಮಲ್ಲೂ ಅಪಘಾತವಾದರೆ ಮೊದಲು ಅಮಾನತಾಗುತ್ತಿದ್ದವನು ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಆದರೆ ಅಪಘಾತ ಕೂದಲೆಳೆಯಲ್ಲಿ ತಪ್ಪಿದರೂ ವಿಚಾರಣೆ ನಡೆಯುತ್ತಿತ್ತು, ಎಲ್ಲರ ಹೇಳಿಕೆಯೂ ಕಡತದಲ್ಲಿ ಇರುತ್ತಿತ್ತು. ಯಾರೂ ಸಾಯಲಿಲ್ಲವಲ್ಲ ಎಂದು ರಿಜಿಸ್ಟರ್ ಮುಚ್ಚುತ್ತಿರಲಿಲ್ಲ.

ಈ ಪತ್ರ ತಲುಪಿದ ಏಳು ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಹೋಗುತ್ತದೆ. ಒಂದು ಪ್ರತಿ ನಿಮಗೆ ಪ್ರಮಾಣಪತ್ರ ಕೊಟ್ಟವರಿಗೆ, ಇನ್ನೊಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಆಸ್ಪತ್ರೆಗಳೂ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಲ್ಲಿ ದೂರು ಕೊಡಲು ಎರಡು ವರ್ಷಗಳ ಅವಕಾಶವಿದೆ, ನಾನು ಎರಡು ವಾರ ಕೂಡ ತೆಗೆದುಕೊಳ್ಳುವುದಿಲ್ಲ.

ಅಲ್ಲಿಯವರೆಗೆ ಪ್ರತಿ ಸೋಮವಾರ ಬೆಳಿಗ್ಗೆ ಏಳು ದಾಟಿ ಹತ್ತು ನಿಮಿಷಕ್ಕೆ ನಿಮ್ಮ ಲಾಬಿಯಲ್ಲಿ, ಆ ಬ್ಯಾನರಿನ ಕೆಳಗೆ, ಬಿಲ್ಲಿನ ಮೂರನೆಯ ಪುಟವನ್ನು ದೊಡ್ಡದಾಗಿ ಮಾಡಿಸಿ ಹಿಡಿದು ಕೂರುತ್ತೇನೆ. ಕೇಳಿದವರಿಗೆಲ್ಲ ಕೈಪಟ್ಟಿ ಓದಿಸಿಕೊಂಡೇ ಸೂಜಿ ಚುಚ್ಚಿಸಿಕೊಳ್ಳಿ ಎಂದು ಹೇಳುತ್ತೇನೆ. ಫ್ಲಾಸ್ಕಿನಲ್ಲಿ ಕಾಫಿ ಮನೆಯಿಂದಲೇ ತರುತ್ತೇನೆ; ಜಾಗ ಬಿಟ್ಟು ಏಳುವುದಿಲ್ಲ.

ಇಂತಿ,
17ನೇ ಹಾಸಿಗೆಯವರ ಗಂಡ
(ನಿವೃತ್ತ ಸ್ಟೇಷನ್ ಮಾಸ್ಟರ್)

ಅಡಕ: ಬಿಲ್ಲಿನ ಪ್ರತಿ, ಬಿಡುಗಡೆ ಸಾರಾಂಶದ ಪ್ರತಿ, ದಾಖಲೆ ಕೋರಿದ ಅರ್ಜಿಯ ಪ್ರತಿ, ಕಾಫಿ ಕೂಪನ್ ಒಂದು (ಮೂಲ).