ಪ್ಲಾಸ್ಟರ್ ಬಿಚ್ಚಿದ ಮೇಲೆ ಶುರುವಾಗುವ ನೋವನ್ನೂ ನೋಡಿ

ಮಾನ್ಯ ಸಂಪಾದಕರೇ,

ಬಿದ್ದು ಮಣಿಕಟ್ಟು ಮುರಿದುಕೊಂಡವರಿಗೆ ಪ್ಲಾಸ್ಟರ್ ಹಾಕಿ, ಕೆಲವು ವಾರಗಳ ನಂತರ ಅದನ್ನು ಬಿಚ್ಚಿ, ಎಕ್ಸ್‌ರೇ ನೋಡಿ ‘ಮೂಳೆ ಕೂಡಿದೆ, ಇನ್ನು ಮನೆಗೆ ಹೋಗಿ’ ಎಂದರೆ ಚಿಕಿತ್ಸೆ ಮುಗಿಯಿತೆಂದೇ ನಮ್ಮಲ್ಲಿ ತಿಳಿಯಲಾಗುತ್ತದೆ. ಆದರೆ ಅಂಥವರಲ್ಲಿ ಕೆಲವರ ಕೈ ಕೆಡಲು ಶುರುವಾಗುವುದೇ ಆಮೇಲೆ. ಬೆರಳುಗಳು ಊದಿ ಮಡಚಲು ಬಾರದಂತಾಗುತ್ತವೆ, ಚರ್ಮ ಕೆಂಪಾಗಿಯೋ ನೀಲಿಗಟ್ಟಿಯೋ ಮಿರುಗುತ್ತದೆ, ಆ ಕೈಯ ಬಿಸಿ ಇನ್ನೊಂದಕ್ಕಿಂತ ಬೇರೆಯಾಗಿರುತ್ತದೆ, ಬಿದ್ದ ಪೆಟ್ಟಿಗೂ ಈಗಿನ ಉರಿಗೂ ತಾಳಮೇಳವೇ ಇರುವುದಿಲ್ಲ. ಇದು ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್, ಚಿಕ್ಕದಾಗಿ ಸಿಆರ್‌ಪಿಎಸ್. ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಇಂಥವರನ್ನು ಬಹುಪಾಲು ತಡವಾಗಿಯೇ ಕಾಣುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಜಗಳೂರು ಕಡೆಯಿಂದ ಬಂದ ಮಹಿಳೆಯೊಬ್ಬರು ಬಲಗೈಯನ್ನು ಒದ್ದೆ ಟವಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಒಳಗೆ ಬಂದವರು ಮೊದಲು ಹೇಳಿದ್ದು ‘ಫ್ಯಾನ್ ಆರಿಸಿ’ ಎಂದು. ಮುದ್ದೆ ತೊಳೆಸುವ ಮಾತಿರಲಿ, ಬಳೆ ತಾಗಿದರೂ ಅವರಿಗೆ ಜೀವ ಹೋದಂತಾಗುತ್ತಿತ್ತು. ಕೆಲಸ ತಪ್ಪಿಸಿಕೊಳ್ಳಲು ಸೋಗು ಹಾಕುತ್ತಾಳೆಂದು ಮನೆಯವರು ಅಂದಿದ್ದರೆ, ಎಲ್ಲ ರಿಪೋರ್ಟೂ ನಾರ್ಮಲ್ ಇದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮೊದಲು ತೋರಿಸಿದ ಆಸ್ಪತ್ರೆಯವರೂ ಕೈತೊಳೆದುಕೊಂಡಿದ್ದರು.

ರಿಪೋರ್ಟು ನಾರ್ಮಲ್ ಬರುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಇದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಸೋಂಕು, ರಕ್ತ ಹೆಪ್ಪುಗಟ್ಟುವಿಕೆ, ಬಿಗಿಯಾದ ಪ್ಲಾಸ್ಟರ್ ಮುಂತಾದ ಬೇರೆ ಕಾರಣಗಳಿಲ್ಲವೆಂದು ನೋಡಿಕೊಂಡು, ನೋವಿನ ಸಂವೇದನೆ, ಬಣ್ಣ ಮತ್ತು ಉಷ್ಣತೆ, ಊತ ಮತ್ತು ಬೆವರು, ಚಲನೆ ಹಾಗೂ ಚರ್ಮ-ಉಗುರು-ಕೂದಲಿನ ಬದಲಾವಣೆ ಎಂಬ ನಾಲ್ಕು ಗುಂಪುಗಳಲ್ಲಿ ಕನಿಷ್ಠ ಮೂರರ ದೂರು ರೋಗಿಯಲ್ಲಿದ್ದು, ಕನಿಷ್ಠ ಎರಡರ ಚಿಹ್ನೆ ವೈದ್ಯರ ಕಣ್ಣಿಗೇ ಬಿದ್ದರೆ ರೋಗವೆಂದು ಗುರುತಿಸಬಹುದು ಎನ್ನುತ್ತದೆ ಬುಡಾಪೆಸ್ಟ್ ಮಾನದಂಡ. ಇದಕ್ಕೆ ಬೇಕಾದದ್ದು ಯಂತ್ರವಲ್ಲ, ಎರಡೂ ಕೈಗಳನ್ನು ಅಕ್ಕಪಕ್ಕ ಇಟ್ಟು ಮುಟ್ಟಿ ನೋಡುವ ವ್ಯವಧಾನ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ಇಂಥದೇ ಉರಿನೋವನ್ನು ವೈದ್ಯ ಸೈಲಸ್ ವೇರ್ ಮಿಚೆಲ್ 1864ರಲ್ಲೇ ವಿವರಿಸಿದ್ದರು. ನರಗಳು ಅತಿಸೂಕ್ಷ್ಮವಾಗುವುದು, ಉರಿಯೂತ ಆರದೆ ಉಳಿಯುವುದು, ರಕ್ತನಾಳ ಮತ್ತು ಬೆವರನ್ನು ನಿಯಂತ್ರಿಸುವ ನರವ್ಯವಸ್ಥೆ ಹಳಿ ತಪ್ಪುವುದು, ಮಿದುಳು ಆ ಕೈಯನ್ನು ಗ್ರಹಿಸುವ ರೀತಿಯೇ ಬದಲಾಗುವುದು, ಇವೆಲ್ಲ ಇದರಲ್ಲಿ ಸೇರಿವೆ. ಇಂಥ ಸ್ವಭಾವದವರಿಗೇ ಬರುತ್ತದೆ ಎನ್ನಲು ಆಧಾರವಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂಬುದು ಮಾತ್ರ ನಿಜ. ಬಹುಶಃ ಅದಕ್ಕೇ ಸೋಗು ಎಂಬ ಮಾತು ಇಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ.

ಚಿಕಿತ್ಸೆಯ ಮುಖ್ಯ ಭಾಗ ಆ ಕೈಯನ್ನು ಮತ್ತೆ ಬಳಕೆಗೆ ತರುವುದು. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳು, ಆರಂಭದ ಹಂತದಲ್ಲಿ ಕೆಲವೇ ದಿನ ಕೊಡುವ ಸ್ಟಿರಾಯ್ಡ್, ಕೆಲವರಿಗೆ ಮೂಳೆ ಸವೆತಕ್ಕೆ ಬಳಸುವ ಬಿಸ್ಫಾಸ್ಫೊನೇಟ್ ಔಷಧ, ಅದಕ್ಕೂ ಬಗ್ಗದಿದ್ದರೆ ಕುತ್ತಿಗೆಯ ಬಳಿ ನರದ ಬ್ಲಾಕ್ (ನರವನ್ನು ಮರಗಟ್ಟಿಸುವ ಚುಚ್ಚುಮದ್ದು), ಇವೆಲ್ಲ ವೈದ್ಯರು ನಿರ್ಧರಿಸುವ ವಿಷಯಗಳು. ನೋವು ತಗ್ಗಿಸಿ ಕೈ ಆಡಿಸಲು ಅನುವು ಮಾಡಿಕೊಡುವುದೇ ಇವುಗಳ ಉದ್ದೇಶ. ನಮ್ಮ ಕೆಲಸಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಮೊದಲು ಹತ್ತಿಯಿಂದ ಸವರಿಸಿ, ಅದು ಸಹ್ಯವಾದ ಮೇಲೆ ಮೆತ್ತನೆಯ ಬಟ್ಟೆ, ಬಳಿಕ ಟವಲು, ಆಮೇಲೆ ರಾಗಿ ತುಂಬಿದ ಬಟ್ಟಲಿನಲ್ಲಿ ಕೈಯಾಡಿಸುವುದು, ಹೀಗೆ ಸ್ಪರ್ಶಕ್ಕೆ ಒಗ್ಗಿಸುತ್ತ ಹೋಗುತ್ತೇವೆ. ಸಾಮಾನ್ಯ ಕನ್ನಡಿಯೊಂದನ್ನು ಎರಡೂ ಕೈಗಳ ನಡುವೆ ಎದೆಯ ನೇರಕ್ಕೆ ನಿಲ್ಲಿಸಿ, ನೋವಿನ ಕೈಯನ್ನು ಅದರ ಹಿಂದೆ ಮರೆಮಾಡಿ, ಒಳ್ಳೆಯ ಕೈಯ ಬೆರಳುಗಳನ್ನು ಮಡಚಿ ಬಿಡಿಸಿದರೆ, ಎರಡೂ ಕೈ ಸಲೀಸಾಗಿ ಆಡುತ್ತಿರುವಂತೆ ಮಿದುಳಿಗೆ ಕಾಣುತ್ತದೆ. ಜಗಳೂರಿನ ಆ ತಾಯಿ ಮೊದಲ ಸಲ ಹೀಗೆ ಕುಳಿತಾಗ ಕನ್ನಡಿಯ ಹಿಂದಿನ ಹೆಬ್ಬೆರಳು ತಾನಾಗಿ ಅಲುಗಿದ್ದನ್ನು ನಾನೇ ಕಂಡಿದ್ದೇನೆ. ಎಲ್ಲರಿಗೂ ಇದು ಫಲಿಸುತ್ತದೆಂದು ಹೇಳಲಾರೆ. ಬೇಗ ಶುರು ಮಾಡಿದವರಲ್ಲಿ ಬಹಳಷ್ಟು ಮಂದಿ ಮೊದಲ ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ನೋವು ವರ್ಷಗಟ್ಟಲೆ ಉಳಿಯುತ್ತದೆ.

ಕೈ ಆಡಲಿ ಎಂದು ಬಿಸಿ ಎಣ್ಣೆ ಹಾಕಿ ಜಗ್ಗಿ ತಿಕ್ಕುವುದರಿಂದ ಇದು ಉಲ್ಬಣಿಸುತ್ತದೆ, ಕೊರಳಿಗೆ ತೂಗುಹಾಕಿ ತಿಂಗಳುಗಟ್ಟಲೆ ಅಲುಗಿಸದಿದ್ದರೂ ಅಷ್ಟೇ. ನಾಟಿ ವೈದ್ಯರನ್ನು ಮಾತ್ರ ದೂರಿ ಪ್ರಯೋಜನವಿಲ್ಲ, ಬಲವಂತವಾಗಿ ಬೆರಳು ಮಡಚಿಸುವವರು ನಮ್ಮ ವೃತ್ತಿಯಲ್ಲೂ ಇದ್ದಾರೆ.

ಎರಡು ವೈದ್ಯಕೀಯ ಕಾಲೇಜುಗಳೂ ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ಇರುವ ಊರಿಗೆ ಇದು ಕೈಮೀರಿದ ಕೆಲಸವಲ್ಲ. ಪ್ಲಾಸ್ಟರ್ ಹಾಕಿದ ದಿನವೇ ಬೆರಳು ಮತ್ತು ಭುಜ ಆಡಿಸುವುದನ್ನು ಹೇಳಿಕೊಡಬೇಕು. ಬಿಚ್ಚುವ ದಿನ ಫಿಸಿಯೋಥೆರಪಿಗೆ ಚೀಟಿ ಬರೆದು, ಊತ, ಉರಿ, ಬಣ್ಣದ ಬದಲಾವಣೆ ಕಂಡರೆ ವಾರದೊಳಗೆ ಬನ್ನಿ ಎಂದು ಕನ್ನಡದಲ್ಲಿ ಮುದ್ರಿಸಿದ ಕಾಗದವೊಂದನ್ನು ಕೈಗಿಡಬೇಕು. ಮೂಳೆ, ಅರಿವಳಿಕೆ ಮತ್ತು ಫಿಸಿಯೋಥೆರಪಿ ವಿಭಾಗದವರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಇಂಥ ರೋಗಿಗಳನ್ನು ನೋಡುವ ವ್ಯವಸ್ಥೆ ಜಿಲ್ಲಾ ಆಸ್ಪತ್ರೆಯಲ್ಲಿ ಆಗಲೆಂದು, ಹಾಗೂ ಚನ್ನಗಿರಿ, ಹೊನ್ನಾಳಿ, ಜಗಳೂರಿನ ತಾಲ್ಲೂಕು ಆಸ್ಪತ್ರೆಗಳಿಂದ ಅಲ್ಲಿಗೆ ನೇರವಾಗಿ ಕಳುಹಿಸಿಕೊಡುವಂತಾಗಲೆಂದು ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಫಿಸಿಯೋಥೆರಪಿಸ್ಟ್, ವಿದ್ಯಾನಗರ, ದಾವಣಗೆರೆ