ಹುಡುಗ ಏನಾಗಬೇಕು ಅಂತ ಅಜ್ಜಿ ಕೇಳಲಿ

ಪ್ರೀತಿಯ ತಂಗಿ,

ಮೈಸೂರಿನ ಸೆಕೆಯಲ್ಲಿ ಕೂತು ನಿನ್ನ ಕಾದಂಬರಿ ಪೂರ್ತಿ ಓದಿದೆ. ಅಜ್ಜ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇನ್ನೊಂದು ಸಂಸಾರ ಮಾಡಿದ್ದ ಅಂತ ಅವನು ಸತ್ತ ಮೇಲೆ ಗೊತ್ತಾಗುತ್ತೆ. ಆ ಮನೆಯವರನ್ನು ನೋಡಲು ಮಂಡ್ಯದ ಹುಡುಗಿ ಹೊರಡುತ್ತಾಳೆ, ಅಲ್ಲೊಬ್ಬ ಹುಡುಗನನ್ನು ಮೆಚ್ಚುತ್ತಾಳೆ. ಕತೆ ಓದಿಸಿಕೊಂಡು ಹೋಗುತ್ತೆ. ಆದರೆ ಪ್ರೀತಿ ಒಂದು ಕಡೆ, ಮನೆಯ ಗುಟ್ಟು ಇನ್ನೊಂದು ಕಡೆ. ಒಂದಕ್ಕೊಂದು ತಾಗೋದೇ ಇಲ್ಲ.

ಸಣ್ಣಪುಟ್ಟದ್ದು ಮೊದಲು ಹೇಳಿಬಿಡ್ತೀನಿ. ಪಾಸ್‌ಪೋರ್ಟ್, ವೀಸಾ, ವಿಮಾನ ನಿಲ್ದಾಣಕ್ಕೆ ಅಷ್ಟು ಪುಟ ಯಾಕೆ? ಒಂದು ಪ್ಯಾರಾ ಸಾಕು. ಅಜ್ಜ 1964ರಲ್ಲಿ ಹೇಗೆ ಹೋದ ಅಂತಲೂ ಜಾಸ್ತಿ ವಿವರಿಸಬೇಡ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾಕ್ಟರ್. ಅಲ್ಲಿಯ ಸರ್ಕಾರಿ ಆಸ್ಪತ್ರೆಗಳಿಗೆ ಆಗ ಜನ ಬೇಕಿತ್ತು, ನಮ್ಮ ಡಿಗ್ರಿಗೆ 1975ರವರೆಗೂ ಅಲ್ಲಿ ಮಾನ್ಯತೆ ಇತ್ತು. ಹೋದ, ಅಷ್ಟೆ. ಇನ್ನು ಜೂನ್ ತಿಂಗಳಲ್ಲಿ ಸಂಜೆ ಏಳಕ್ಕೆ ಇಬ್ಬರೂ ನಕ್ಷತ್ರ ನೋಡ್ತಾರಲ್ಲ, ಅಲ್ಲಿ ಆಗ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತೆ ಕಣಮ್ಮ. ಕತ್ತಲಾಗೋ ಹೊತ್ತಿಗೆ ನಮ್ಮಲ್ಲಿ ರಾತ್ರಿ ಎರಡು ದಾಟಿರುತ್ತೆ. ಆಗ ಫೋನ್ ಮಾಡಿದರೆ ಅಜ್ಜಿ ಮುದ್ದೆ ಕಟ್ಟುತ್ತಾ ಮಾತಾಡೋದು ಹೇಗೆ?

ಗುಟ್ಟು ಬಯಲಾಗೋದು ಹಳೇ ಫೋಟೊದಿಂದ. ಅದನ್ನು ತೆಗೆದುಹಾಕು, ಬದಲಿಗೆ ಮದುವೆ ಸರ್ಟಿಫಿಕೇಟ್ ತಾ. ಇಂಗ್ಲೆಂಡಿನಲ್ಲಿ ಅದರ ನಕಲು ದುಡ್ಡು ಕಟ್ಟಿದ ಯಾರಿಗಾದರೂ ಸಿಗುತ್ತೆ. ಹೆಸರು, ವಯಸ್ಸಿನ ಪಕ್ಕದಲ್ಲೇ ಹಿಂದೆ ಮದುವೆ ಆಗಿತ್ತಾ ಇಲ್ವಾ ಅನ್ನೋ ಕಾಲಂ. ಆಮೇಲೆ ಇಬ್ಬರ ಅಪ್ಪಂದಿರ ಹೆಸರು, ಅವರ ಕಸುಬು. ಮದ್ದೂರಿನ ಹತ್ತಿರದ ಊರಲ್ಲಿ ಹೆಂಡತಿ, ಎರಡು ಮಕ್ಕಳು ಇರುವಾಗಲೇ ಅಜ್ಜ ‘ಬ್ಯಾಚಲರ್’ ಅಂತ ಬರೆಸಿದ್ದಾನೆ. ಅದೇ ಸಾಲಿನಲ್ಲಿ ತನ್ನ ಅಪ್ಪನ ಹೆಸರನ್ನು ಮಾತ್ರ ಸರಿಯಾಗಿ ಕೊಟ್ಟಿದ್ದಾನೆ. ಕಸುಬು, ‘ಫಾರ್ಮರ್’. ಆ ಹಾಳೆಯನ್ನು ಅವಳ ಕೈಗೆ ಆ ಹುಡುಗನೇ ಕೊಡಲಿ. ಕೊಡಬೇಕೋ ಬೇಡವೋ ಅಂತ ಅವನು ಒದ್ದಾಡಲಿ.

ಈಗ ಮುಖ್ಯವಾದ ಮಾತು. ಅವನನ್ನು ‘ದೂರದ ಸಂಬಂಧಿ’ ಅಂದು ಬಿಟ್ಟಿದ್ದೀಯ. ನಮ್ಮ ಕಡೆ ಓದುಗರು ಸುಮ್ನೆ ಬಿಡ್ತಾರಾ? ಏನಾಗಬೇಕು ಅಂತ ಕೇಳೇ ಕೇಳ್ತಾರೆ. ನೀನೇ ಬರೆದಿರೋ ಪ್ರಕಾರ ಅವನು ಎರಡನೇ ಹೆಂಡತಿಯ ಅಣ್ಣನ ಮಗನ ಮಗ. ಲೆಕ್ಕ ಹಾಕು. ಆ ಹೆಂಗಸು ನಿನ್ನ ನಾಯಕಿಯ ಅಪ್ಪನಿಗೆ ಚಿಕ್ಕಮ್ಮ. ಅವಳ ಅಣ್ಣ ಸೋದರಮಾವ. ಮಾವನ ಮಗ ಅಪ್ಪನಿಗೆ ಭಾವ, ನಾಯಕಿಗೆ ಮಾವ. ಅವನ ಮಗ ಅಂದ್ರೆ ವರಸೆ ಕೂಡುತ್ತೆ! ರಕ್ತಸಂಬಂಧ ಒಂದು ಹನಿಯೂ ಇಲ್ಲ, ಆದರೂ ಅಚ್ಚುಕಟ್ಟಾದ ಸಂಬಂಧ.

ಈ ಲೆಕ್ಕವನ್ನು ಊರಲ್ಲಿರೋ ಅಜ್ಜಿಯ ಬಾಯಲ್ಲಿ ಹೇಳಿಸು. ಬೆರಳು ಮಡಚಿ ಎಣಿಸೋಕೆ ಶುರು ಮಾಡಿದರೆ ಮೊದಲ ಬೆರಳಿಗೇ ಅವಳು ನಿಲ್ಲಬೇಕು. ಯಾಕಂದ್ರೆ ಆ ಸವತಿಯನ್ನು ತನ್ನ ಗಂಡನ ಹೆಂಡತಿ ಅಂತ ಒಪ್ಪದೆ ಮುಂದಿನ ಬೆರಳು ಮಡಚೋ ಹಾಗಿಲ್ಲ. ಒಪ್ಪದಿದ್ದರೆ ಹುಡುಗ ಯಾರೋ ಪರದೇಶದವನು, ಮೊಮ್ಮಗಳ ಮದುವೆ ಮುರೀತು. ಒಪ್ಪಿದರೆ ಇಷ್ಟು ವರ್ಷ ನುಂಗಿಕೊಂಡಿದ್ದಕ್ಕೆ ಏನು ಬೆಲೆ? ನಿನ್ನ ಪ್ರೇಮಕತೆಯ ತಿರುಳು ಇಲ್ಲಿದೆ, ಥೇಮ್ಸ್ ನದಿ ದಡದಲ್ಲಿ ಇಲ್ಲ. ಆ ಸೀನಿಗೆ ಅವಸರ ಮಾಡಬೇಡ. ಅಜ್ಜಿ ಎರಡು ದಿನ ಯಾರ ಹತ್ತಿರವೂ ಮಾತಾಡದಿದ್ದರೂ ಪರವಾಗಿಲ್ಲ.

ಚಿಕ್ಕಪ್ಪನನ್ನೂ ಮರೀಬೇಡ. ಲೆಸ್ಟರ್ ನೆಂಟರ ಸುದ್ದಿ ಕಿವಿಗೆ ಬಿದ್ದ ದಿನವೇ ಅವನು ಪಹಣಿ ತೆಗೆಸಿ ನೋಡ್ತಾನೆ. ಪಾಲು ಕೇಳೋಕೆ ಬಂದ್ರಾ ಅನ್ನೋದೇ ಮೊದಲ ಮಾತು. ಖಾತೆ ಬದಲಾವಣೆಗೆ ಅವನು ಕೊಟ್ಟ ವಂಶವೃಕ್ಷದಲ್ಲಿ ಆ ಕಡೆಯವರ ಹೆಸರೇ ಇಲ್ಲ. ಹಾಗಂತ ಅವನನ್ನು ಖಳನಾಯಕ ಮಾಡಬೇಡ. ನಾಲೆ ನೀರಿನ ಗದ್ದೆ ಇರೋ ಯಾರಾದರೂ ಹಾಗೇ ಮಾಡ್ತಿದ್ರು.

ಏಳನೇ ಅಧ್ಯಾಯದಲ್ಲಿ ಆಲೆಮನೆ ಮುಂದೆ ನಿಂತು ಅಜ್ಜಿ ಬೈಯೋದಿದೆಯಲ್ಲ, ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡ. ಉಳಿದದ್ದನ್ನು ತಿದ್ದಿ ಕಳಿಸು. ಈ ಸಲ ಪ್ರಿಂಟ್ ತೆಗೆದು ಕಳಿಸಮ್ಮ, ಮೊಬೈಲಿನಲ್ಲಿ ಓದಿ ಕಣ್ಣು ಉರೀತಿದೆ.

ನಿನ್ನ ಅಕ್ಕ
ಸರಸ್ವತಿಪುರಂ, ಮೈಸೂರು