ಪದ ಕಟ್ಟಿದವರ ಹೆಸರು ಪದದ ಜೊತೆಗಿರಲಿ: ಹಾಸನ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸವಿನಯ ನಮಸ್ಕಾರಗಳು.

ನಾನು ಆಲೂರು ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದ ಶಿಕ್ಷಕಿ. ನಮ್ಮೂರಿನಲ್ಲಿ ಎಲ್ಲರೂ ಪದದಜ್ಜ ಎಂದು ಕರೆಯುವ, ಈಗ 78 ವರ್ಷದ ಹಿರಿಯರೊಬ್ಬರ ಬಗ್ಗೆ ತಮಗೆ ಬರೆಯುತ್ತಿದ್ದೇನೆ. ಅವರಿಗೆ ಪ್ರಶಸ್ತಿ ಕೊಡಿಸಿರೆಂದು ಕೇಳಲು ಈ ಪತ್ರವಲ್ಲ. ಅವರು ಕಟ್ಟಿದ ಪದಗಳು, ಅಂದರೆ ಹಾಡುಗಳು, ಅವರ ಹೆಸರಿನಲ್ಲಿಯೇ ದಾಖಲಾಗಬೇಕೆಂದು ಕೇಳಲು ಬರೆದಿದ್ದೇನೆ.

ಹತ್ತು ವರ್ಷದ ಹುಡುಗನಾಗಿದ್ದಾಗ ಅವರು ಗದ್ದೆಯ ನಾಟಿಯಲ್ಲಿ ತಾಯಿಯ ಹಿಂದೆ ನಿಂತು ಸೊಲ್ಲು ಹಿಡಿಯುತ್ತಿದ್ದರಂತೆ. ತತ್ವಪದ ಹಾಡುವವರೊಬ್ಬರ ಜೊತೆ ಊರೂರು ತಿರುಗಿ ಏಕತಾರಿ ಮೀಟುವುದನ್ನು ಕಲಿತರು. ಕೋಲಾಟದ ತಂಡಗಳಿಗೆ ಹೊಸ ಪದ ಹೊಸೆದುಕೊಟ್ಟರು. ಓದು ಬರಹ ಕಲಿಯಲಿಲ್ಲ. ಇಂದಿಗೂ ಒಂದು ಪದ ಕಟ್ಟುವಾಗ ಹೊಲದ ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತಾರೆ. ಸಾಲು ಕೂಡಿಬರದಿದ್ದರೆ ಆ ದಿನ ಯಾರೊಡನೆಯೂ ಹೆಚ್ಚು ಮಾತನಾಡುವುದಿಲ್ಲ.

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು ಹಿನ್ನೀರು ಏರಿದಾಗ ಅವರ ತಾಯಿಯ ತವರೂರು ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದೇ ನೀರಿನಡಿ ಹೋದ ಮನೆ, ಕಣ, ಗುಡಿಗಳಿಗೆ ಉಳಿದಿರುವುದು ನೆನಪು ಮಾತ್ರ. ಆ ವರ್ಷ ಅವರು ಕಟ್ಟಿದ ಪದದ ಎರಡು ಸಾಲುಗಳನ್ನು ಅವರ ಅನುಮತಿ ಪಡೆದು ಇಲ್ಲಿ ಬರೆಯುತ್ತಿದ್ದೇನೆ:

ನೀರು ಬಂತು ನೀರು ಬಂತು ಅಂತಾರಲ್ಲೋ ನಾಡೋರು,
ನೀರ ತಳದಲ್ಲೈತೆ ನೋಡೋ ನಮ್ಮವ್ವನ ತವರೂರು.

ನಾಲೆಯ ನೀರು ಗದ್ದೆಗೆ ಬಂದ ಸಂತೋಷ ಅವರಿಗೆ ಇಲ್ಲದಿರಲಿಲ್ಲ. ಅದೇ ಪದದ ಕೊನೆಯ ನುಡಿ ಆ ಸಂತೋಷವನ್ನೂ ಹಾಡುತ್ತದೆ. ಆಮೇಲೆ ಅಂಗಮಾರಿ ರೋಗ ತಗುಲಿ ಆಲೂಗಡ್ಡೆ ಬೆಳೆ ನೆಲಕಚ್ಚಿದ ವರ್ಷದ ಮೇಲೆ, ಕಾಡಾನೆ ತುಳಿದ ಭತ್ತದ ಗದ್ದೆಯ ಮೇಲೆ, ಬೆಂಗಳೂರಿಗೆ ಹೋಗಿ ಹಬ್ಬಕ್ಕೂ ಬಾರದ ಮಕ್ಕಳ ಮೇಲೆ ಅವರು ಪದ ಕಟ್ಟಿದ್ದಾರೆ. ನಮ್ಮ ಸೀಮೆಯ ಐವತ್ತು ವರ್ಷಗಳ ಬದುಕು ಇಷ್ಟು ನಿಕಟವಾಗಿ ಬೇರೆಲ್ಲೂ ದಾಖಲಾಗಿರುವುದನ್ನು ನಾನು ಕಂಡಿಲ್ಲ.

ತೊಡಕು ಇರುವುದು ಇಲ್ಲಿಯೇ. ಕಲಾವಿದರ ನೆರವಿಗೆಂದು ಅರ್ಜಿ ಹಿಡಿದು ಕಚೇರಿಯೊಂದಕ್ಕೆ ನಾನು ಅವರನ್ನು ಕರೆದುಕೊಂಡು ಹೋದಾಗ, ಇವು ಹಳೆಯ ಹಾಡುಗಳಲ್ಲ, ಸ್ವಂತ ರಚನೆಗಳು, ಆದ್ದರಿಂದ ಜಾನಪದಕ್ಕೆ ಸೇರುವುದಿಲ್ಲ ಎಂದರು. ಹಾಗಾದರೆ ಇವರನ್ನು ಕವಿಯೆಂದು ಪರಿಗಣಿಸಿ ಎಂದು ಕೇಳಿದಾಗ, ಪ್ರಕಟವಾದ ಪುಸ್ತಕ ಎಲ್ಲಿದೆ ಎಂದರು. ಅಜ್ಜ ಏನೂ ಹೇಳದೆ ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದರು. ಅದು ನನಗೆ ಇಂದಿಗೂ ನೋವಿನ ಸಂಗತಿ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರೂ ಅವರ ತತ್ವಪದಗಳು ಬಾಯಿಂದ ಬಾಯಿಗೆ ಸಾಗಿ ನಮ್ಮವರೆಗೆ ಬಂದಿವೆ, ಅವುಗಳಲ್ಲಿರುವ ಅಂಕಿತದಿಂದಾಗಿ, ಅಂದರೆ ಕವಿ ತನ್ನ ಗುರುತಿಗೆಂದು ಪದದಲ್ಲೇ ಇಡುವ ಹೆಸರಿನಿಂದಾಗಿ, ಕಟ್ಟಿದವರು ಯಾರೆಂಬುದೂ ನಮಗೆ ಗೊತ್ತಿದೆ. ಜನರ ಬಾಯಲ್ಲಿ ಬದುಕುವ ಹಾಡಿಗೆ ಕರ್ತೃವೊಬ್ಬ ಇರಬಾರದೆಂಬ ನಿಯಮ ನಮ್ಮ ಪರಂಪರೆಯದಲ್ಲ.

ಈಗ ಅಜ್ಜನ ಪದಗಳು ಮೊಬೈಲುಗಳಲ್ಲಿ, ಆರ್ಕೆಸ್ಟ್ರಾ ವೇದಿಕೆಗಳಲ್ಲಿ ‘ಜಾನಪದ ಗೀತೆ’ ಎಂಬ ಹೆಸರಿನಲ್ಲಿ ಓಡಾಡುತ್ತಿವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡು ಬರೆದವನ ಹಕ್ಕು ಅವನ ಜೀವಿತಕಾಲದ ನಂತರವೂ 60 ವರ್ಷ ಉಳಿಯುತ್ತದೆ. ಆದರೆ ಬರಹವಾಗಲಿ ಧ್ವನಿಮುದ್ರಣವಾಗಲಿ ಇಲ್ಲದ ಬಡ ಹಾಡುಗಾರ ಆ ಹಕ್ಕನ್ನು ಯಾರ ಮುಂದೆ ಸಾಬೀತುಪಡಿಸಬೇಕು? ಹಣದ ಮಾತು ಒತ್ತಟ್ಟಿಗಿರಲಿ. ಮೊಮ್ಮಗಳು ತನ್ನ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿದ ಅಜ್ಜನದೇ ಪದವನ್ನು ನಿರೂಪಕರು ‘ಅನಾಮಿಕ ಕವಿಯದು’ ಎಂದಾಗ ಅಜ್ಜ ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ನಾನು ಮೂರು ನೋಟ್‌ಬುಕ್ಕುಗಳಲ್ಲಿ ಪದಗಳನ್ನು ಬರೆದಿಟ್ಟಿದ್ದೇನೆ, ಧಾಟಿಯನ್ನು ಬರೆದಿಡಲು ನನ್ನಿಂದಾಗದು. ಒಂದೇ ಪದವನ್ನು ಅವರು ನಾಟಿಗೆ ಎಳೆದು ಹಾಡುತ್ತಾರೆ, ಕೋಲಾಟಕ್ಕೆ ಚುರುಕಾಗಿ ತಿರುಗಿಸುತ್ತಾರೆ. ಅದನ್ನು ಕಿವಿಯಿಂದಲೇ ಹಿಡಿಯಬೇಕು. ಹಾಸನದಲ್ಲಿ ಆಕಾಶವಾಣಿ ಕೇಂದ್ರವಿದೆ, ಇಲ್ಲಿನ ವಿಶ್ವವಿದ್ಯಾಲಯ ಆವರಣವಾದ ಹೇಮಗಂಗೋತ್ರಿಯಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳಿದ್ದಾರೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ಹಳ್ಳಿಯ ಹಾಡುಗಳನ್ನು ಪ್ರೀತಿಯಿಂದ ಕೂಡಿಹಾಕಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಮತ್ತು ಸಕಲೇಶಪುರದಲ್ಲಿ ಹುಟ್ಟಿದ ಎಸ್.ಕೆ. ಕರೀಂಖಾನರು ನಮ್ಮ ಜಿಲ್ಲೆಯವರೇ. ಅವರು ಒಬ್ಬೊಬ್ಬರಾಗಿ ಮಾಡಿದ ಕೆಲಸವನ್ನು ಇಷ್ಟೆಲ್ಲ ಸಂಸ್ಥೆಗಳಿರುವಾಗ ಜಿಲ್ಲಾಡಳಿತ ಮಾಡಲಾರದೇ? ತಾವು ಸೂಚನೆ ಕೊಟ್ಟು, ಜಿಲ್ಲೆಯಲ್ಲಿ ಸ್ವಂತ ಪದ ಕಟ್ಟಿ ಹಾಡುವ ಹಿರಿಯರನ್ನೆಲ್ಲ ಗುರುತಿಸಿ, ಅವರ ಹಾಡನ್ನು ಅವರ ಹೆಸರು, ಊರುಗಳ ಸಮೇತ ಧ್ವನಿಮುದ್ರಿಸಿಡುವಂತೆ ಮಾಡಬೇಕೆಂದು, ನೆರವಿನ ಅರ್ಜಿಗಳಲ್ಲಿ ಅಂಥವರಿಗೂ ಒಂದು ಕಲಂ ಇರುವಂತೆ ನೋಡಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಅಜ್ಜನಿಗೆ ಸಂಜೆಯ ಹೊತ್ತಿಗೆ ಉಬ್ಬಸ ಬರುತ್ತದೆ. ಧ್ವನಿಮುದ್ರಣಕ್ಕೆ ಬರುವವರು ಬೆಳಿಗ್ಗೆಯೇ ಬರಲಿ. ಹೇಮಾವತಿಯ ಪದವನ್ನು ಮೊದಲು ಹಾಡಿಸಲಿ.

ಇಂತಿ ತಮ್ಮ ವಿಶ್ವಾಸಿ,
ಆಲೂರು ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕಿ